ಖಳನ ಗುರುತು ಮುಖದಲ್ಲಿದೆಯೆ?

ಗೂಢಚಾರ ಜೇಮ್ಸ್ ಬಾಂಡನ ಚಲನಚಿತ್ರಗಳನ್ನು ನಮ್ಮ ಮನೆಗಳ ಮಕ್ಕಳೂ ಕುತೂಹಲದಿಂದ ವೀಕ್ಷಿಸುತ್ತಾರೆ. ಅವುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಖಳನಾಯಕನೇ ಅರ್ನ್ಸ್ಟ್ ಸ್ಟಾವ್ರೊ ಬ್ಲೋಫೆಲ್ಡ್. ಇಯಾನ್ ಫ್ಲೆಮಿಂಗ್ ಅವರು 1961ರ ‘ಥಂಡರ್‌ಬಾಲ್’ ಕಾದಂಬರಿಯಲ್ಲಿ ಸೃಷ್ಟಿಸಿದ ಈ ಪಾತ್ರವನ್ನು ತೆರೆಯ ಮೇಲೆ ಹಲವು ನಟರು ನಿರ್ವಹಿಸಿದ್ದಾರೆ. ಅವರ ಅಭಿನಯಗಳನ್ನು ಹೋಲಿಸಿ ನೋಡಿದಾಗ, ಕೆಡುಕನ್ನು ನಾವು ಯಾವ ಗುರುತಿನಿಂದ ಅರಿಯಬೇಕು ಎಂಬ ಪ್ರಶ್ನೆ ಏಳದಿರದು.

1963ರ ‘ಫ್ರಮ್ ರಷ್ಯಾ ವಿತ್ ಲವ್’ ಹಾಗೂ 1965ರ ‘ಥಂಡರ್‌ಬಾಲ್’ ಚಿತ್ರಗಳಲ್ಲಿ ಈ ಖಳನಿಗೆ ಮುಖವೇ ಇಲ್ಲ. ಬಿಳಿಯ ಬೆಕ್ಕನ್ನು ನೇವರಿಸುವ ಕೈ ಆಂಟನಿ ಡಾಸನ್ ಅವರದು. ಶಾಂತವಾದ ಧ್ವನಿ ಎರಿಕ್ ಪೋಲ್ಮನ್ ಅವರದು. ಕಾಣದ ಆ ಮುಖವನ್ನು ಪ್ರೇಕ್ಷಕನ ಭಯವೇ ಚಿತ್ರಿಸಿಕೊಳ್ಳುತ್ತದೆ.

1967ರ ‘ಯೂ ಓನ್ಲಿ ಲಿವ್ ಟ್ವೈಸ್’ ಚಿತ್ರದಲ್ಲಿ ಡೊನಾಲ್ಡ್ ಪ್ಲೆಸೆನ್ಸ್ ಮೊದಲ ಬಾರಿಗೆ ಆ ಮುಖವನ್ನು ತೋರಿದರು. ಬೋಳುತಲೆ, ಕಣ್ಣಿನ ಮೇಲೆ ಹಾದ ಗಾಯದ ಕಲೆ, ಜಪಾನಿನ ಜ್ವಾಲಾಮುಖಿಯೊಳಗಿನ ಅಡಗುತಾಣ: ಜಗತ್ತು ನೆನಪಿಟ್ಟುಕೊಂಡದ್ದು ಈ ರೂಪವನ್ನೇ. ಆದರೆ ಇಲ್ಲಿ ಅರ್ಧದಷ್ಟು ಅಭಿನಯವನ್ನು ಪ್ರಸಾಧನವೇ ಮಾಡಿಬಿಟ್ಟಿದೆ.

1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ಚಿತ್ರದ ಟೆಲ್ಲಿ ಸವಾಲಸ್ ಅವರ ಮುಖದಲ್ಲಿ ಆ ಕಲೆ ಇಲ್ಲ. ಆಲ್ಪ್ಸ್ ಶಿಖರದ ಮೇಲಿನ ಚಿಕಿತ್ಸಾಲಯದ ಒಡೆಯನಾಗಿ, ರೋಗಿಗಳ ಹಿತೈಷಿಯಾಗಿ ಅವನು ಕಾಣಿಸಿಕೊಳ್ಳುತ್ತಾನೆ. ಮೃದು ಮಾತಿನಿಂದಲೇ ಯುವತಿಯರನ್ನು ವಶಪಡಿಸಿಕೊಂಡು, ಬೆಳೆ ಮತ್ತು ಜಾನುವಾರುಗಳನ್ನು ಬಂಜೆಯಾಗಿಸುವ ರೋಗಾಣುಗಳನ್ನು ಅವರ ಕೈಯಿಂದ ಹರಡಿಸಲು ಹೊಂಚುತ್ತಾನೆ. ಕೊನೆಯಲ್ಲಿ ಬಾಂಡನ ನವವಧುವಿನ ಹತ್ಯೆಯಾಗುವಾಗಲೂ ಅವನು ಕಾರು ನಡೆಸುತ್ತಾನೆ. ಗುಂಡು ಹಾರಿಸುವವಳು ಅವನ ಸಹಚರಿ. ನಮ್ಮ ದೃಷ್ಟಿಯಲ್ಲಿ ಎಲ್ಲರಿಗಿಂತ ಸಹಜವಾದ ಖಳ ಇವನೇ. ಏಕೆಂದರೆ ಇಂಥವನಿಗೆ ನಾವೂ ಬಾಗಿಲು ತೆರೆದು ಆಸನ ಕೊಟ್ಟೇವು.

1971ರ ‘ಡೈಮಂಡ್ಸ್ ಆರ್ ಫಾರೆವರ್’ನಲ್ಲಿ ಚಾರ್ಲ್ಸ್ ಗ್ರೇ ತಲೆತುಂಬ ಕೂದಲಿನ, ಚಮತ್ಕಾರದ ಮಾತಿನ ಖಳನಾದರು, ಭಯ ಕರಗಿ ವಿನೋದ ಉಳಿಯಿತು. 1983ರ ‘ನೆವರ್ ಸೇ ನೆವರ್ ಅಗೇನ್’ನಲ್ಲಿ ಮ್ಯಾಕ್ಸ್ ಫಾನ್ ಸಿಡೋ ಗಡ್ಡಧಾರಿ ಸಭ್ಯ ಹಿರಿಯರಂತೆ ತೋರಿದರು. 2015ರ ‘ಸ್ಪೆಕ್ಟರ್’ನಲ್ಲಿ ಕ್ರಿಸ್ಟೋಫ್ ವಾಲ್ಟ್ಸ್ ಕಲೆಯಿಲ್ಲದ ಮುಖದಿಂದಲೇ ಬಂದರು, ಆದರೆ ಚಿತ್ರ ಮುಗಿಯುವ ಮುನ್ನ ಆ ಹಳೆಯ ಕಲೆಯನ್ನು ಅವರ ಮುಖಕ್ಕೂ ಅಂಟಿಸಲಾಯಿತು.

ಇಲ್ಲಿಯೇ ನಾವು ತಡೆದು ಆಲೋಚಿಸಬೇಕು. 1981ರ ‘ಫಾರ್ ಯುವರ್ ಐಸ್ ಓನ್ಲಿ’ ಚಿತ್ರದಲ್ಲಂತೂ ಇವನನ್ನೇ ಹೋಲುವ, ಹೆಸರಿಲ್ಲದ ಖಳನೊಬ್ಬನನ್ನು ಗಾಲಿಕುರ್ಚಿಯ ಸಹಿತ ಹೊಗೆಕೊಳವೆಯೊಳಗೆ ಕೆಡವಿ ಪ್ರೇಕ್ಷಕರನ್ನು ನಗಿಸಲಾಯಿತು. ಕಲೆಯೂ ಗಾಲಿಕುರ್ಚಿಯೂ ದುಷ್ಟತನದ ಚಿಹ್ನೆಗಳೆಂದು ಕಲಿತ ಮಗು, ಸುಟ್ಟಗಾಯದ ಮುಖದ ಸಹಪಾಠಿಯನ್ನು ಯಾವ ಕಣ್ಣಿನಿಂದ ಕಂಡೀತು? ಬ್ರಿಟನ್ನಿನ ರಾಷ್ಟ್ರೀಯ ಚಲನಚಿತ್ರ ಸಂಸ್ಥೆಯು, ಮುಖದ ಕಲೆಯನ್ನೇ ಖಳತನದ ಗುರುತಾಗಿಸುವ ಚಿತ್ರಗಳಿಗೆ ಧನಸಹಾಯ ನೀಡುವುದಿಲ್ಲವೆಂದು 2018ರಲ್ಲಿ ಘೋಷಿಸಿದ್ದು ಸ್ತುತ್ಯರ್ಹ.

ಚಿತ್ರ ನೋಡಬೇಡಿರೆಂದು ನಾವು ಹೇಳುತ್ತಿಲ್ಲ. ಮಕ್ಕಳ ಜೊತೆಯಲ್ಲಿ ಕುಳಿತು ನೋಡಿರಿ; ಮುಗಿದ ಮೇಲೆ, ‘ಇವನು ಮಾಡಿದ್ದೇನು?’ ಎಂದು ಕೇಳಿರಿ. ‘ಇವನು ಹೇಗಿದ್ದ?’ ಎಂಬುದಕ್ಕಿಂತ ಆ ಪ್ರಶ್ನೆಗೆ ಉತ್ತರಿಸಲು ಕಲಿತ ಮಗು ನಾಳೆ ಸವಿಮಾತಿಗೆ ಮೋಸಹೋಗದು, ಗಾಯಗೊಂಡವರನ್ನು ಕಂಡು ದೂರವೂ ಸರಿಯದು.