ಮಾರ್ಕೆಟ್ ಬಳಿ ಒಂದು ಹಗಲು ಕೇಂದ್ರ ಬೇಕು

ಕೆ.ಆರ್. ಮಾರ್ಕೆಟ್, ಕಲಾಸಿಪಾಳ್ಯ, ಚಾಮರಾಜಪೇಟೆಯ ನಿವಾಸಿಗಳೇ, ವ್ಯಾಪಾರಿ ಬಂಧುಗಳೇ,

ನಾವು ಬೆಳಿಗ್ಗೆ ಕೊಳ್ಳುವ ಸೊಪ್ಪು, ತರಕಾರಿ, ಹೂವನ್ನು ನಡುರಾತ್ರಿ ಲಾರಿಯಿಂದ ಇಳಿಸುವ ಎಷ್ಟೋ ಮಂದಿಗೆ ಈ ಊರಲ್ಲಿ ಮನೆಯಿಲ್ಲ. ಛತ್ರಗಳಲ್ಲಿ ಎಂಜಲೆಲೆ ಎತ್ತುವವರು, ರಟ್ಟು ಆಯುವವರು, ಗಾರೆ ಕೆಲಸಕ್ಕೆಂದು ರಾಯಚೂರು, ಯಾದಗಿರಿ ಕಡೆಯಿಂದ ಬಂದು ಮೇಸ್ತ್ರಿ ಕೈಕೊಟ್ಟ ಮೇಲೆ ಇಲ್ಲೇ ಉಳಿದವರು, ಮನೆಯಿಂದ ಹೊರಬಿದ್ದ ಮುದುಕರು, ಎಲ್ಲರೂ ಮಲಗುವುದು ಮೇಲ್ಸೇತುವೆ ಕೆಳಗೆ, ಇಲ್ಲವೇ ನಮ್ಮ ಅಂಗಡಿ ಜಗಲಿಯ ಮೇಲೆ. ಇವರಿಗಾಗಿ ಹಗಲಿಡೀ ತೆರೆದಿರುವ ಒಂದು ಕೇಂದ್ರ ಬೇಕು.

ರಾತ್ರಿ ತಂಗುದಾಣಗಳಿವೆಯಲ್ಲ ಎಂದು ಕೇಳಬಹುದು. ರಾತ್ರಿಯೆಲ್ಲ ಮೂಟೆ ಹೊತ್ತವನಿಗೆ ಕಣ್ಣು ಕೂರುವುದೇ ಬೆಳಿಗ್ಗೆ. ಆ ಹೊತ್ತಿಗೆ ಷಟರ್ ಮೇಲೇಳುತ್ತದೆ, ಜಗಲಿಗೆ ನೀರು ಬೀಳುತ್ತದೆ, ಅವನು ಎದ್ದು ಹೋಗಬೇಕು. ಅವನ ಚೀಲದಲ್ಲಿ ಇರುವುದಿಷ್ಟು: ಒಂದು ಜೊತೆ ಬಟ್ಟೆ, ಹೊದಿಕೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಆಧಾರ್ ಕಾರ್ಡು, ಆಸ್ಪತ್ರೆ ಚೀಟಿ. ಬೆನ್ನ ಮೇಲೆ ಮೂಟೆ ಇರುವಾಗ ಅದನ್ನೆಲ್ಲಿ ಇಡುವುದು? ಗೋಡೆ ಸಂದಿಯಲ್ಲಿ ತುರುಕುತ್ತಾನೆ. ಕಸದ ಗಾಡಿ ಬಂದರೆ ಚೀಲವೂ ಕಸದ ಜೊತೆ ಹೋಯಿತು. ಕಾರ್ಡು ಕಳೆದವನಿಗೆ ರೇಷನ್ ಕಷ್ಟ, ಪಿಂಚಣಿ ಕಷ್ಟ. ವಿಳಾಸವೇ ಇಲ್ಲದವನು ಹೊಸ ಕಾರ್ಡಿಗೆ ಏನು ಬರೆಸಬೇಕು? ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಕೊಡುವ ಪ್ರಮಾಣಪತ್ರವನ್ನು ಆಧಾರ್‌ಗೆ ದಾಖಲೆಯಾಗಿ ಒಪ್ಪುತ್ತಾರೆ. ಅಂಥ ಬಾಗಿಲು ಹತ್ತಿರವಿದ್ದರೆ ಅರ್ಧ ಕಷ್ಟ ತೀರುತ್ತದೆ.

ಹೆಂಗಸರ ಪಾಡು ಇನ್ನೂ ಕಠಿಣ. ಶೌಚಾಲಯಕ್ಕೆ ಪ್ರತಿಸಲ ಕಾಸು ಕೊಡಲಾರದೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮುಟ್ಟಿನ ದಿನಗಳಲ್ಲಿ ಬಟ್ಟೆ ಬದಲಿಸಲು ಮರೆ ಇರುವುದಿಲ್ಲ.

ಇವರಲ್ಲಿ ಯಾರಿಗಾದರೂ ಕ್ಷಯ ತಗುಲಿದರೆ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳದು. ವಿಕ್ಟೋರಿಯಾ ಆಸ್ಪತ್ರೆ ಪಕ್ಕದಲ್ಲೇ ಇದೆ, ಸರ್ಕಾರ ಮಾತ್ರೆಯನ್ನು ಉಚಿತವಾಗಿ ಕೊಡುತ್ತದೆ. ಆದರೆ ಮಳೆಯಲ್ಲಿ ನೆನೆಯದಂತೆ ಮಾತ್ರೆ ಇಡಲು ಜಾಗವಿಲ್ಲ, ನಡುವೆ ಬಿಟ್ಟವನನ್ನು ಹುಡುಕಲು ವಿಳಾಸವಿಲ್ಲ. ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯ ಬರಬಹುದು, ಅದು ಇದೇ ಜನಜಂಗುಳಿಯಲ್ಲಿ ಹರಡಬಹುದು.

ಆದ್ದರಿಂದ ನಾವು ಕೇಳುವ ಕೇಂದ್ರದಲ್ಲಿ ಸ್ನಾನದ ಮನೆ, ಶೌಚಾಲಯ, ಬೀಗ ಹಾಕುವ ಪೆಟ್ಟಿಗೆ, ಹಗಲು ಮಲಗಲು ಜಾಗ, ಫೋನ್ ಚಾರ್ಜಿಗೆ ಪ್ಲಗ್ ಇರಬೇಕು. ಒಬ್ಬರು ನರ್ಸ್ ಇರಬೇಕು, ಅರ್ಜಿ ಬರೆದುಕೊಡುವವರು ಒಬ್ಬರು ಇರಬೇಕು. ಯಾರು, ಎಲ್ಲಿಯವರು ಎಂದು ಬಾಗಿಲಲ್ಲೇ ವಿಚಾರಣೆ ನಡೆಯಬಾರದು. ಬೇಕಾದಾಗ ಬಂದು ಬೇಕಾದಾಗ ಹೋಗಲಿ.

ಇದು ದಾನದ ಮಾತಲ್ಲ. ಲಕ್ಷ ಜನಸಂಖ್ಯೆಗೆ ಒಂದರಂತೆ, ದಿನದ 24 ಗಂಟೆಯೂ ತೆರೆದಿರುವ ಆಶ್ರಯ ಕೇಂದ್ರ ಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2013ರಲ್ಲಿ ಬಂದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮವೂ ಅದನ್ನೇ ಹೇಳಿತು. ಹಣದ ವಿಷಯಕ್ಕೆ ಬಂದರೆ, ನಿಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಶೇ 3ರಷ್ಟು ಭಿಕ್ಷುಕರ ಉಪಕರವನ್ನು ನಾವೆಲ್ಲ ಕಟ್ಟುತ್ತಿದ್ದೇವೆ. ಅದರಲ್ಲೊಂದು ಪಾಲು ಇಲ್ಲಿಗೆ ಬರಲಿ, ಕಾಯ್ದೆ ತಿದ್ದಬೇಕಾದರೆ ತಿದ್ದಲಿ. ಆದರೆ ಅದೇ ಕಾಯ್ದೆಯಡಿ ಜನರನ್ನು ಹಿಡಿದೊಯ್ಯುವ ವ್ಯಾನಿಗೂ ಈ ಕೇಂದ್ರಕ್ಕೂ ನಂಟು ಇರಕೂಡದು. ಆ ಹೆದರಿಕೆ ಇದ್ದರೆ ಒಬ್ಬರೂ ಹೊಸ್ತಿಲು ತುಳಿಯುವುದಿಲ್ಲ.

ಕೇಂದ್ರ ತೆರೆದರೆ ಇನ್ನಷ್ಟು ಜನ ಬಂದು ಸೇರುತ್ತಾರೆ ಎಂಬ ಆತಂಕ ಕೆಲವು ವ್ಯಾಪಾರಿಗಳಿಗಿದೆ. ಇವರನ್ನು ಇಲ್ಲಿಗೆ ಕರೆತಂದಿರುವುದು ಮಾರ್ಕೆಟ್ಟಿನ ಕೂಲಿ. ಆ ಕೂಲಿ ಇರುವವರೆಗೆ ಅವರೂ ಇರುತ್ತಾರೆ. ಮಲಗಲು, ಮೀಯಲು ಜಾಗ ಸಿಕ್ಕರೆ ನಮ್ಮ ಜಗಲಿ, ಓಣಿಗಳೂ ಚೊಕ್ಕವಾಗಿರುತ್ತವೆ.

ಮುಂದಿನ ವಾರ್ಡ್ ಸಮಿತಿ ಸಭೆಗೆ ಬನ್ನಿ. ಮಾರ್ಕೆಟ್ಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಪಾಲಿಕೆಯ ಒಂದು ಕಟ್ಟಡವನ್ನು ಇದಕ್ಕೆ ಬಿಟ್ಟುಕೊಡಿ ಎಂದು ಬರಹದಲ್ಲಿ ಕೇಳಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ನಿಮ್ಮ ಅಂಗಡಿ ಮುಂದೆ ಮಲಗುವವರನ್ನೂ ಜೊತೆಗೆ ಕರೆತನ್ನಿ, ಅವರ ಮಾತನ್ನು ಅವರೇ ಸಭೆಯಲ್ಲಿ ಆಡಲಿ.