ಮತ್ತೆ ಚಟಕ್ಕೆ ಬೀಳುವವರು ಯಾರೆಂದು ಯಂತ್ರ ಹೇಳಿದರೆ

ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಮಾರ್ಟಿನ್ ಪೌಲಸ್ ಮತ್ತು ಸಂಗಡಿಗರು ನಡೆಸಿ, 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವ್ಯಸನ ಚಿಕಿತ್ಸೆಯ ಲೋಕದಲ್ಲಿ ದೊಡ್ಡ ಆಸೆ ಹುಟ್ಟಿಸಿತು. ಮೆಥಾಂಫೆಟಮಿನ್ ಎಂಬ ಮಾದಕವಸ್ತುವನ್ನು ಬಿಟ್ಟು ಮೂರು-ನಾಲ್ಕು ವಾರಗಳಾಗಿದ್ದ ಗಂಡಸರನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಎರಡರಲ್ಲಿ ಒಂದನ್ನು ಊಹಿಸುವ ಸರಳ ಆಟ ಆಡಿಸಿದರು. ಆ ಹೊತ್ತಿನಲ್ಲಿ ಮಿದುಳಿನ ಯಾವ ಭಾಗಗಳು ಚುರುಕಾದವು, ಯಾವುವು ಮಂಕಾಗಿ ಉಳಿದವು ಎಂಬುದು ದಾಖಲಾಯಿತು. ಸುಮಾರು ಒಂದು ವರ್ಷ ಬಿಟ್ಟು ವಿಚಾರಿಸಿದಾಗ 40 ಜನ ಸಿಕ್ಕರು. ಅವರಲ್ಲಿ 18 ಮಂದಿ ಮತ್ತೆ ಚಟಕ್ಕೆ ಬಿದ್ದಿದ್ದರು, 22 ಮಂದಿ ಗಟ್ಟಿಯಾಗಿ ನಿಂತಿದ್ದರು. ಹಳೆಯ ಸ್ಕ್ಯಾನ್‌ಗಳಿಂದ ಕಟ್ಟಿದ ಲೆಕ್ಕಾಚಾರ ಬಿದ್ದವರಲ್ಲಿ 17 ಮಂದಿಯನ್ನು, ನಿಂತವರಲ್ಲಿ 20 ಮಂದಿಯನ್ನು ಸರಿಯಾಗಿ ಗುರುತಿಸಿತು.

ಆದರೆ 40 ಜನರಲ್ಲಿ ಹೊಂದಿದ ಲೆಕ್ಕ 41ನೆಯವರಿಗೂ ಹೊಂದೀತೇ?

ಯೇಲ್ ವಿಶ್ವವಿದ್ಯಾಲಯದ ಸಾರಾ ಯಿಪ್ ಅವರ ತಂಡ 2019ರಲ್ಲಿ ಇಂಥದೇ ಪರೀಕ್ಷೆಗೆ ಇಳಿಯಿತು. ಕೊಕೇನ್ ಬಿಡಿಸುವ 12 ವಾರಗಳ ಚಿಕಿತ್ಸೆಗೆ ಸೇರಿದ 53 ಮಂದಿಯ ಮಿದುಳಿನ ಭಾಗಗಳು ಒಂದರೊಡನೊಂದು ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬ ಮಾಹಿತಿಯಿಂದ ಯಾರು ಕೊಕೇನ್‌ನಿಂದ ದೂರ ಉಳಿಯುತ್ತಾರೆಂದು ಊಹಿಸುವ ಮಾದರಿಯೊಂದನ್ನು ಕಂಪ್ಯೂಟರ್ ಕಲಿತುಕೊಂಡಿತು. ಅದೇ ಮಾದರಿಯನ್ನು ಸಂಪೂರ್ಣ ಬೇರೆಯ 45 ಮಂದಿಯ ಮೇಲೆ ಪ್ರಯೋಗಿಸಿದಾಗ ಸಿಕ್ಕ ನಿಖರತೆ ಶೇ 64. ಯಂತ್ರಕ್ಕೆ ಸಿಕ್ಕ ಸುಳಿವು ನಿಜವಾದದ್ದೇ. ಆದರೆ ಅದರ ಬಲದ ಮೇಲೆ ಒಬ್ಬ ಮನುಷ್ಯನ ಪಾಲಿಗೆ ತೀರ್ಪು ಬರೆಯುವಂತಿಲ್ಲ; ಮೂವರಲ್ಲಿ ಒಬ್ಬರಿಗಿಂತ ಹೆಚ್ಚಿನವರ ವಿಷಯದಲ್ಲಿ ಅದು ತಪ್ಪುತ್ತದೆ.

ಈ ತಪ್ಪು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಭಾರತದಲ್ಲಿ ಈಗಲೇ ಯೋಚಿಸಬೇಕು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಒಂದಿಷ್ಟು ಚಿಕಿತ್ಸೆ ದೊರೆತಿತ್ತು. ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಹಾಸಿಗೆಗಳಿಗೆ ಇಷ್ಟು ಬರ ಇರುವ ಕಡೆ, ‘ಇವನು ಹೇಗೂ ಮತ್ತೆ ಕುಡಿಯುತ್ತಾನೆ’ ಎಂಬ ಯಂತ್ರದ ಮಾತು ರೋಗಿಯನ್ನು ವಾಪಸು ಕಳಿಸಲು ಒಳ್ಳೆಯ ನೆಪವಾಗುತ್ತದೆ. ಅದಕ್ಕೆ ಅವಕಾಶವೇ ಇರಕೂಡದು. ಮತ್ತೆ ಬೀಳುವ ಅಪಾಯ ಯಾರಿಗೆ ಹೆಚ್ಚೋ ಅವರಿಗೇ ಹೆಚ್ಚು ದಿನದ ಆರೈಕೆ, ಹೆಚ್ಚು ಬಾರಿ ಆಪ್ತಸಮಾಲೋಚನೆ, ಮನೆಗೆ ಹೋಗಿ ವಿಚಾರಿಸುವ ಕಾರ್ಯಕರ್ತರು ಸಿಗಬೇಕು. ಯಂತ್ರದ ಊಹೆಗೆ ಬೇರೆ ಯಾವ ನ್ಯಾಯವಾದ ಉಪಯೋಗವೂ ಸದ್ಯಕ್ಕೆ ಕಾಣುವುದಿಲ್ಲ.

ಸ್ಕ್ಯಾನ್‌ಗಳು ತೋರಿಸಿಕೊಟ್ಟ ಇನ್ನೊಂದು ಸಂಗತಿ ಮನೆಮನೆಗೂ ತಲುಪಬೇಕಾದದ್ದು. ಅಮೆರಿಕದ ಸಂಶೋಧಕಿ ನೋರಾ ವೋಲ್ಕೋವ್ ಅವರ ತಂಡ 2001ರಲ್ಲಿ, ಮೆಥಾಂಫೆಟಮಿನ್ ಬಿಟ್ಟಿದ್ದ ಐವರ ಮಿದುಳನ್ನು ಪೆಟ್ ಸ್ಕ್ಯಾನ್‌ನಲ್ಲಿ ಎರಡೆರಡು ಬಾರಿ ನೋಡಿತು. ಬಿಟ್ಟ ಆರು ತಿಂಗಳೊಳಗೆ ಒಮ್ಮೆ, 12ರಿಂದ 17 ತಿಂಗಳು ಕಳೆದ ಮೇಲೆ ಮತ್ತೊಮ್ಮೆ. ಚಟದಿಂದ ಕುಗ್ಗಿದ್ದ, ಡೋಪಮಿನ್ ರಾಸಾಯನಿಕವನ್ನು ನರಕೋಶಕ್ಕೆ ವಾಪಸು ಒಯ್ಯುವ ಪ್ರೋಟೀನ್ ಎರಡನೇ ಸಲಕ್ಕೆ ಗಣನೀಯವಾಗಿ ಹೆಚ್ಚಿತ್ತು. ಆದರೆ ನೆನಪು ಮತ್ತು ಚಲನೆಯ ಪರೀಕ್ಷೆಗಳಲ್ಲಿ ಅದೇ ಮಟ್ಟದ ಸುಧಾರಣೆ ಕಾಣಲಿಲ್ಲ. ಐದೇ ಜನರ ಅಧ್ಯಯನ, ಮದ್ಯವಲ್ಲದ ಬೇರೊಂದು ವಸ್ತು, ನಿಜ. ಆದರೂ ಚೇತರಿಕೆಗೆ ವಾರಗಳು ಸಾಲವು, ವರ್ಷವೇ ಬೇಕಾದೀತು ಎಂಬುದನ್ನು ಅದು ಕಣ್ಣಿಗೆ ಕಾಣಿಸಿತು. ‘ಮೂರು ತಿಂಗಳು ಚೆನ್ನಾಗಿದ್ದ, ಮತ್ತೆ ಶುರು ಹಚ್ಕೊಂಡ, ಇವನ ಹಣೆಬರಹವೇ ಇಷ್ಟು’ ಎಂದು ಕೈಚೆಲ್ಲುವ ಹೆಂಡತಿಗೆ, ಅಣ್ಣ-ತಮ್ಮಂದಿರಿಗೆ, ಆ ಮನುಷ್ಯನಿಗೆ ಸ್ವತಃ, ಇದನ್ನು ಬಿಡಿಸಿ ಹೇಳುವವರು ಬೇಕು. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಮುಗಿದ ಮೇಲೂ ನವಜೀವನ ಸಮಿತಿಗಳ ಮೂಲಕ ಕುಡಿತ ಬಿಟ್ಟವರನ್ನು ಒಟ್ಟುಗೂಡಿಸುವ ಪದ್ಧತಿ ಕರ್ನಾಟಕದಲ್ಲಿ ಇದೆ. ಅಂಥ ದೀರ್ಘ ನಂಟನ್ನು ಸರ್ಕಾರಿ ಆಸ್ಪತ್ರೆಗಳೂ ಬೆಳೆಸಿಕೊಳ್ಳಲು ದುಬಾರಿ ಯಂತ್ರಕ್ಕಾಗಿ ಕಾಯಬೇಕಿಲ್ಲ.

ಸಂಶೋಧನೆ ಮಾತ್ರ ಇಲ್ಲಿಯೇ, ನಮ್ಮ ಜನರ ನಡುವೆಯೇ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಬ್ರಿಟನ್ನಿನ ಸಂಶೋಧಕರ ಜತೆ ಸೇರಿ ನಡೆಸಿದ ‘ಸಿ-ವೇದ’ ಯೋಜನೆ ಬೆಂಗಳೂರು, ಮೈಸೂರಿನಿಂದ ಇಂಫಾಲದವರೆಗೆ 6ರಿಂದ 23 ವರ್ಷದೊಳಗಿನ ಸಾವಿರಾರು ಮಂದಿಯನ್ನು ಅಧ್ಯಯನಕ್ಕೆ ಒಳಪಡಿಸಿತು; ಅವರಲ್ಲಿ ಒಂದು ಭಾಗದವರ ಮಿದುಳಿನ ಚಿತ್ರಣವೂ ಇದೆ. ಅಪೌಷ್ಟಿಕತೆ, ಪರಿಸರದ ವಿಷವಸ್ತುಗಳು, ಬಾಲ್ಯದ ಕಷ್ಟಗಳು ವ್ಯಸನದ ದಾರಿಯನ್ನು ಹೇಗೆ ಹಾಸುತ್ತವೆ ಎಂಬ ಪ್ರಶ್ನೆಗೆ ಅಮೆರಿಕದ ರೋಗಿಗಳಿಂದ ಕಲಿತ ಕಂಪ್ಯೂಟರ್ ಉತ್ತರ ಕೊಡಲಾರದು.

2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ, ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಒಪ್ಪಿದೆ. ಆ ಹಕ್ಕು ಯಂತ್ರದ ಊಹೆಗೂ ಅನ್ವಯಿಸುತ್ತದೆಂದು ರಾಜ್ಯ ಸರ್ಕಾರ ಸ್ಪಷ್ಟ ಮಾತಿನಲ್ಲಿ ನಿಯಮ ಮಾಡಲಿ. ಕೆಲಸ ಕೊಟ್ಟ ಮಾಲೀಕರಿಗೆ, ವಿಮಾ ಕಂಪನಿಗೆ ಆ ಊಹೆ ಸಿಗಬಾರದು. ಇಂಥ ತಂತ್ರಾಂಶ ಮಾರಲು ಬರುವವರು, ಅದು ಕಲಬುರಗಿಯ, ಕೋಲಾರದ, ಕಾರವಾರದ ರೋಗಿಗಳ ವಿಷಯದಲ್ಲಿ ಎಷ್ಟು ಸಲ ತಪ್ಪಿತು ಎಂಬ ಲೆಕ್ಕವನ್ನು ಮೊದಲು ಮೇಜಿನ ಮೇಲೆ ಇಡಲಿ. ಖರೀದಿಯ ಮಾತು ಆಮೇಲೆ.