ಎಬ್ಬಿಸಿದರೂ ಏಳದ ನಿದ್ದೆ

ಹಬ್ಬದ ಸಂಚಿಕೆಯಲ್ಲಿ ಡ್ರಗ್ಸ್ ಮಾತೇಕೆ ಎಂದು ಹುಬ್ಬೇರಿಸಬೇಡಿ. 2022ರಲ್ಲಿ ಅಮೆರಿಕದಲ್ಲಿ ಓವರ್‌ಡೋಸ್‌ಗೆ ಬಲಿಯಾದವರು ಒಂದು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನರ ಸಾವಿಗೆ ಫೆಂಟನಿಲ್‌ನಂಥ ಒಪಿಯಾಯ್ಡ್ ಕಾರಣ. ನಮ್ಮ ಮನೆಗಳಲ್ಲಿ ಇಂಥದ್ದೆಲ್ಲ ಇಲ್ಲ ಎನ್ನುತ್ತೀರಾ? ಮಂಡಿ ಆಪರೇಷನ್ ಆದವರಿಗೆ ಬರೆದುಕೊಡುವ ನೋವಿನ ಮಾತ್ರೆಯೂ ಒಪಿಯಾಯ್ಡ್ ಆಗಿರಬಹುದು. ಹುಡುಗರಿಗೆ ಹೊರಗೆ ಸಿಗುವ ನಕಲಿ ಮಾತ್ರೆಯಲ್ಲಿ ಫೆಂಟನಿಲ್ ಬೆರೆತಿರಬಹುದು.

911ಕ್ಕೆ ಕರೆ ಮಾಡುವವರು "ಓವರ್‌ಡೋಸ್" ಎಂದೇ ಹೇಳಬೇಕಾಗಿಲ್ಲ. "ಎಬ್ಬಿಸಿದರೂ ಏಳುತ್ತಿಲ್ಲ, ಗೊರಕೆ ಹೊಡೀತಿದ್ದಾನೆ" ಎಂದರೂ ಡಿಸ್ಪ್ಯಾಚರ್ ಕಿವಿ ನೆಟ್ಟಗಾಗುತ್ತದೆ. ಆ ಗೊರಗೊರ ಸದ್ದು ನಿದ್ದೆಯದಲ್ಲ, ನಿಲ್ಲುತ್ತಿರುವ ಉಸಿರಿನದಿರಬಹುದು. ಮೊದಲು ವಿಳಾಸ ಕೇಳುತ್ತಾರೆ. ಆಮೇಲೆ: ಎಚ್ಚರವಿದೆಯೇ? ಉಸಿರಾಟ ಸರಿಯಿದೆಯೇ? ಉಸಿರೆಳೆದಾಗಲೆಲ್ಲ ಹೇಳಿ ಎಂದು ಎಣಿಸುವುದೂ ಉಂಟು. ತುಟಿ ನೀಲಿಯಾಗುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು ಇನ್ನೆರಡು ಗುರುತುಗಳು. ಇಷ್ಟೊಂದು ಪ್ರಶ್ನೆ ಏಕೆಂದು ಸಿಡುಕಬೇಡಿ. ನೀವು ಉತ್ತರಿಸುತ್ತಿರುವಾಗಲೇ ಆಂಬುಲೆನ್ಸ್ ಹೊರಟಿರುತ್ತದೆ.

ನಮ್ಮ ಸ್ಯಾನ್ ಮಟಿಯೋ ಕೌಂಟಿಯಲ್ಲಿ ಅಗ್ನಿಶಾಮಕ ದಳ, ಆಂಬುಲೆನ್ಸ್‌ಗಳನ್ನು ಕಳಿಸುವುದು ಕೌಂಟಿಯ ಸಂಪರ್ಕ ಕೇಂದ್ರ. ಕರೆ ಅಲ್ಲಿಗೆ ವರ್ಗವಾಗಬಹುದು, ಫೋನ್ ಇಡಬೇಡಿ. ಊರಿಂದ ಬಂದ ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೆ "ಕನ್ನಡ" ಎಂದರೆ ಸಾಕು, ದುಭಾಷಿಯನ್ನು ಫೋನಿಗೆ ಕರೆಸುವ ವ್ಯವಸ್ಥೆಯಿದೆ.

ಮುಂದಿನ ಕೆಲಸ ನಿಮ್ಮ ಕೈಯಲ್ಲಿ. ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಉಸಿರಿಲ್ಲದಿದ್ದರೆ ಅವರು ಹೇಳಿದಂತೆ ಸಿಪಿಆರ್ ಮಾಡಬೇಕು. ನಲಾಕ್ಸೋನ್ ಇದ್ದರೆ ಮೂಗಿಗೆ ಸ್ಪ್ರೇ ಮಾಡಿ. ಎರಡು ಮೂರು ನಿಮಿಷದಲ್ಲಿ ಚೇತರಿಸದಿದ್ದರೆ ಇನ್ನೊಂದು. ಒಪಿಯಾಯ್ಡ್ ಅಲ್ಲದಿದ್ದರೂ ಅದರಿಂದ ಅಪಾಯವಿಲ್ಲ. ಎದ್ದು ಕೂತನೆಂದು ಆಂಬುಲೆನ್ಸ್ ಬೇಡವೆನ್ನಬೇಡಿ. ಸ್ಪ್ರೇಯ ಪ್ರಭಾವ 30ರಿಂದ 90 ನಿಮಿಷ ಮಾತ್ರ, ಉಸಿರು ಮತ್ತೆ ನಿಲ್ಲಬಹುದು. 2023ರಿಂದ ಇದು ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ.

ನಮ್ಮವರಲ್ಲಿ ನಾನು ಕಂಡ ದೊಡ್ಡ ಅಡ್ಡಿ "ಜನ ಏನಂತಾರೆ" ಎಂಬ ಅಳುಕು. ಮೊದಲು ಪರಿಚಯದ ಡಾಕ್ಟರಿಗೆ, ಆಮೇಲೆ ಭಾವನಿಗೆ, ಕೊನೆಗೆ 911ಕ್ಕೆ! ಪೊಲೀಸರ ಭಯವೇ? ಓವರ್‌ಡೋಸ್‌ಗೆ ನೆರವು ಕೋರಿದವರನ್ನು ಸ್ವಂತ ಬಳಕೆಯ ಡ್ರಗ್ಸ್ ಇಟ್ಟುಕೊಂಡದ್ದಕ್ಕೆ ಬಂಧಿಸಬಾರದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2013ರಿಂದಲೇ ಇದೆ. ಮಾರಾಟಕ್ಕೆ ಮಾತ್ರ ಆ ರಕ್ಷಣೆಯಿಲ್ಲ.

ಮಾನ ಹೋದರೆ ಮತ್ತೆ ಸಂಪಾದಿಸಬಹುದು, ಮಕ್ಕಳನ್ನಲ್ಲ. ಇಂದೇ ಮನೆ ವಿಳಾಸವನ್ನು ದೊಡ್ಡಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಪಕ್ಕದಲ್ಲೇ ಒಂದು ನಲಾಕ್ಸೋನ್ ಇರಲಿ.